ಹಲ್ಲಿನ ಹಿಡಿತ, ಹಗ್ಗದ ಹಿಡಿತ

ಹೊಸ ಮನೆಯ ನಲ್ಲಿಯನ್ನು ನೋಡಿಯೇ ಅದನ್ನು ಕೂರಿಸಿದವನ ಕೈಗುಣವನ್ನು ಹೇಳಿಬಿಡಬಹುದು. ಬೆಳ್ಳಿಯ ಹಾಗೆ ಹೊಳೆಯುವ ನಲ್ಲಿಯ ಕುತ್ತಿಗೆಯಲ್ಲಿ ನಾಯಿ ಕಚ್ಚಿದಂತೆ ಎರಡು ಸಾಲು ಹಲ್ಲಿನ ಗುರುತು ಮೂಡಿದ್ದರೆ, ಅಲ್ಲಿ ಪೈಪ್ ರೆಂಚು ನಡೆದಿದೆ ಎಂದು ತಿಳಿಯಬೇಕು. ಘಟ್ಟದ ಮೇಲಿನ ಊರುಗಳಲ್ಲಿ ಇದನ್ನು ಅಂದದ ಕೊರತೆಯೆಂದು ಬಗೆದು ಸುಮ್ಮನಿದ್ದುಬಿಡಬಹುದು. ಕುಂದಾಪುರದ ಕಡೆ ಹಾಗೆ ಸುಮ್ಮನಿರುವಂತಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ. ಗಾಳಿ ಬೀಸಿತೆಂದರೆ ಉಪ್ಪೂ ಅದರೊಡನೆ ಬಂತು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಬೇರೆ ಬೇರೆ ತಾಲೂಕುಗಳಾದವು. ಕಾಗದದ ಮೇಲೆ ಗಡಿ ಎಳೆದದ್ದಾಯಿತು. ಉಪ್ಪುಗಾಳಿ ಮಾತ್ರ ಶಿರೂರಿನಿಂದ ಬ್ರಹ್ಮಾವರದವರೆಗೂ ಒಂದೇ ಬಗೆಯಾಗಿ ಬೀಸುತ್ತದೆ. ಲೋಹದ ಮೈಮೇಲೆ ಒಂದು ಗೀರು ಬಿದ್ದರೆ ಸಾಕು, ಅದು ಅಲ್ಲಿಂದಲೇ ಒಳಕ್ಕಿಳಿಯುತ್ತದೆ.

ದುಂಡಗಿನ ವಸ್ತುವನ್ನು ಹಿಡಿದು ತಿರುಗಿಸುವುದು ಎಂಬುದೇ ಒಂದು ಹಳೆಯ ತೊಡಕು. ನಟ್ಟಿಗೆ ಆರು ಮೂಲೆಗಳಿವೆ. ಸ್ಪ್ಯಾನರಿನ ಬಾಯಿಗೆ ಅವು ಸಿಕ್ಕುತ್ತವೆ. ಕೊಳವೆಗೆ ಮೂಲೆಯೆಂಬುದಿಲ್ಲ. ಎಣ್ಣೆ ಹಚ್ಚಿಕೊಂಡು ಅಖಾಡಕ್ಕಿಳಿದ ಜಟ್ಟಿಯಂತೆ ಅದು ಹಿಡಿದಷ್ಟೂ ಜಾರುತ್ತದೆ. ಈ ಜಾರುವಿಕೆಯನ್ನು ಗೆಲ್ಲಲು ಮನುಷ್ಯನು ಮುಖ್ಯವಾಗಿ ಎರಡು ಹಾದಿಗಳನ್ನು ಹಿಡಿದಿದ್ದಾನೆ. ಒಂದು ಕಚ್ಚುವುದು, ಇನ್ನೊಂದು ಸುತ್ತುವುದು. ಕಚ್ಚುವ ವಿದ್ಯೆ ನಮ್ಮ ಕರಾವಳಿಗೆ ಬಂದು ಬಹಳ ಕಾಲವಾಗಿಲ್ಲ. ಸುತ್ತುವ ವಿದ್ಯೆಯಾದರೋ ಇಲ್ಲಿಯ ಬಾವಿಕಟ್ಟೆಗಳಲ್ಲಿ, ತೋಟಗಳಲ್ಲಿ, ಬಂದರುಗಳಲ್ಲಿ ಎಂದಿನಿಂದಲೋ ನೆಲೆಸಿಕೊಂಡಿದೆ.

ಕಬ್ಬಿಣದ ಕೊಳವೆಯ ಚರಿತ್ರೆ ಇಂಗ್ಲೆಂಡಿನಲ್ಲಿ ಅನಿಲದೀಪಗಳ ಜೊತೆ ಆರಂಭವಾಗುತ್ತದೆ. ಮೊದಮೊದಲು ಹಳೆಯ ಬಂದೂಕಿನ ನಳಿಗೆಗಳನ್ನೇ ಒಂದಕ್ಕೊಂದು ಜೋಡಿಸಿ ಅನಿಲವನ್ನು ಹರಿಸಿದರಂತೆ. 1825ರಲ್ಲಿ ಕಾರ್ನೀಲಿಯಸ್ ವೈಟ್‌ಹೌಸ್ ಎಂಬವನು ಕಾದ ಕಬ್ಬಿಣದ ಪಟ್ಟಿಯನ್ನು ಎಳೆದು ಬೆಸೆದು ಕೊಳವೆ ಮಾಡುವ ವಿಧಾನಕ್ಕೆ ಪೇಟೆಂಟು ಪಡೆದ ಮೇಲೆ ಕೊಳವೆ ಅಗ್ಗವಾಯಿತು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬವನು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ಕ್ರಮಕ್ಕೆ ಪೇಟೆಂಟು ಪಡೆದನು. ನಮ್ಮ ಕಡೆ ಜಿ. ಐ. ಪೈಪು ಎಂದು ಕರೆಯುವುದು ಈ ಸತು ಹೊದೆದ ಕೊಳವೆಯನ್ನೇ. ಕೊಳವೆ ಹೆಚ್ಚಿದಂತೆ ಅದರ ಮರೆ ತಿರುಗಿಸಿ ಬಿಗಿಯುವ ಕೆಲಸವೂ ಹೆಚ್ಚಿತು. ಹತ್ಯಾರು ಮಾತ್ರ ಹಿಂದುಳಿಯಿತು. ಕೊಳವೆ ಸುತ್ತಳತೆಗೆ ತಕ್ಕ ಇಕ್ಕಳಗಳನ್ನು ಗಂಟುಕಟ್ಟಿ ಹೊತ್ತುಕೊಂಡು ಹೋಗಬೇಕಾಗಿತ್ತು.

ಇದಕ್ಕೆ ಉತ್ತರ ಬಂದದ್ದು ಅಮೆರಿಕದಿಂದ. ಬೋಸ್ಟನ್ನಿನ ವಾಲ್ವರ್ತ್ ಕಂಪೆನಿಯಲ್ಲಿ ಕೆಲಸಕ್ಕಿದ್ದ ಡೇನಿಯಲ್ ಸ್ಟಿಲ್ಸನ್ ಮರದಲ್ಲಿ ಒಂದು ಮಾದರಿ ಕಡೆದು ಯಜಮಾನರಿಗೆ ತೋರಿಸಿದನು. ಕಬ್ಬಿಣದಲ್ಲಿ ಇದನ್ನು ಮಾಡಿಕೊಂಡು ಬಾ, ಒಂದೋ ಕೊಳವೆ ಮುರಿಯಬೇಕು, ಇಲ್ಲವೇ ನಿನ್ನ ಹತ್ಯಾರು ಮುರಿಯಬೇಕು, ಅಲ್ಲಿಯ ತನಕ ತಿರುಗಿಸು ಎಂದರಂತೆ ಅವರು. ಮುರಿದದ್ದು ಕೊಳವೆ. 1870ರ ಸೆಪ್ಟೆಂಬರ್ 13ರಂದು ಪೇಟೆಂಟು ದೊರೆಯಿತು. ರಾಯಧನವೆಂದು ಅವನಿಗೆ ಸುಮಾರು 80,000 ಡಾಲರು ಬಂತೆನ್ನುತ್ತಾರೆ. 1888ರಲ್ಲಿ ಸ್ವೀಡನ್ನಿನ ಯೋಹಾನ್‌ಸನ್ ತನ್ನದೇ ಬೇರೊಂದು ಬಗೆಯನ್ನು ಹೊರತಂದನು. ಜಗತ್ತಿನ ನಲ್ಲಿ ಕೆಲಸದವರ ಚೀಲದಲ್ಲಿ ಇವೆರಡರ ಮಕ್ಕಳು ಮೊಮ್ಮಕ್ಕಳೇ ಇಂದಿಗೂ ತುಂಬಿವೆ.

ಸ್ಟಿಲ್ಸನ್ನನ ಜಾಣ್ಮೆ ಇರುವುದು ಮೇಲ್ದವಡೆಯ ಸಡಿಲದಲ್ಲಿ. ದವಡೆ ಬಿಗಿಯಾಗಿ ಕೂರುವುದಿಲ್ಲ, ಸ್ವಲ್ಪ ಅಲ್ಲಾಡುತ್ತದೆ. ಹಿಡಿಯನ್ನು ಒತ್ತಿದಷ್ಟೂ ಅದು ವಾಲಿಕೊಂಡು ಕೊಳವೆಯನ್ನು ಇನ್ನಷ್ಟು ಕಚ್ಚುತ್ತದೆ. ಅಂದರೆ ಎದುರಾಳಿಯ ಬಲವೇ ಹಿಡಿತದ ಬಲವಾಗುತ್ತದೆ. ಆದರೆ ದವಡೆಯ ಹಲ್ಲುಗಳು ಕೊಳವೆಗಿಂತ ಗಟ್ಟಿ ಉಕ್ಕಿನವು. ಅವು ಮೈಯೊಳಗೆ ಇಳಿದೇ ಹಿಡಿಯಬೇಕು. ಮೂರು ನಾಲ್ಕು ಹಲ್ಲುಗಳ ಮೊನೆಯ ಮೇಲೆ ಇಡಿಯ ಭಾರ ಬೀಳುವುದರಿಂದ ತೆಳು ಕೊಳವೆಯಾದರೆ ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗುವುದೂ ಉಂಟು. ಒರಟು ಕಬ್ಬಿಣದ ಕೊಳವೆಯನ್ನು ಗೋಡೆಯೊಳಗೆ ಹೂಳುವ ಕಾಲದಲ್ಲಿ ಇದರಿಂದ ಯಾರಿಗೂ ನಷ್ಟವಿರಲಿಲ್ಲ. ಕೊಳವೆ ಗೋಡೆಯಿಂದ ಹೊರಗೆ ಬಂದು, ನಯಮಾಡಿಕೊಂಡು, ಬಚ್ಚಲಮನೆಯ ಅಲಂಕಾರವಾದ ಮೇಲೆ ತಕರಾರು ಶುರುವಾಯಿತು.

ಆ ನಯದ ದಪ್ಪವೆಷ್ಟು ಎಂದು ತಿಳಿದರೆ ಓದುಗರಿಗೆ ಆಶ್ಚರ್ಯವಾದೀತು. ಜಿ. ಐ. ಪೈಪಿನ ಸತುವಿನ ಹೊದಿಕೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲನ್ನೂ ಮುಟ್ಟುವುದಿಲ್ಲ. ನಲ್ಲಿಗಳ ಮೇಲಿನ ಕ್ರೋಮಿಯಂ ಲೇಪವಂತೂ (1920ರ ದಶಕದ ನಡುವಿನಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಮತ್ತು ಸಂಗಡಿಗರು ಇದನ್ನು ಕಾರ್ಖಾನೆಗೆ ಒಗ್ಗಿಸಿದರು) ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತಲೂ ತೆಳು. ಅದರ ಕೆಳಗೆ ನಿಕ್ಕಲ್ಲಿನ ಇನ್ನೊಂದು ಪದರ, ಅದರ ಕೆಳಗೆ ಹಿತ್ತಾಳೆ. ಅಗ್ಗದ ಮಾಲಾದರೆ ಸತುವಿನ ಮಿಶ್ರಲೋಹವೋ ಉಕ್ಕೋ. ರೆಂಚಿನ ಹಲ್ಲು ಈ ಎರಡೂ ಪದರಗಳನ್ನು ಒಂದೇ ಕಚ್ಚಿಗೆ ದಾಟಿಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಸತು ತ್ಯಾಗಿ. ಗೀರು ಬಿದ್ದ ಕಡೆ ತಾನು ಕರಗುತ್ತ ಕಬ್ಬಿಣವನ್ನು ಕೆಲಕಾಲ ಕಾಯುತ್ತದೆ. ನಿಕ್ಕಲ್ಲು ಹಾಗಲ್ಲ. ಉಕ್ಕಿನ ಮೇಲೆ ನಿಕ್ಕಲ್ಲನ್ನು ಹೊದೆಸಿ ಅದರಲ್ಲೊಂದು ತೂತು ಮಾಡಿದರೆ, ಉಪ್ಪುನೀರಿನ ತೇವದಲ್ಲಿ ಅವೆರಡೂ ಸೇರಿ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತವೆ. ತಿನ್ನಿಸಿಕೊಳ್ಳುವುದು ಉಕ್ಕು. ಸುತ್ತಲಿನ ಲೇಪ ಹೊಳೆಯುತ್ತಲೇ ಇರುತ್ತದೆ, ನಡುವೆ ಗುಳಿ ಆಳವಾಗುತ್ತ ಹೋಗುತ್ತದೆ. ಲೇಪವೇ ಇಲ್ಲದಿದ್ದರೆ ಅಷ್ಟು ಬೇಗ ಗುಳಿ ಬೀಳುತ್ತಿರಲಿಲ್ಲ! ಹಿತ್ತಾಳೆಯ ಮೈಯಾದರೆ ಕಿಲುಬು ಹಿಡಿಯುವುದಷ್ಟೇ, ಅದು ಅದೃಷ್ಟ.

ಈಚೆಗೆ ಕಡಲತಡಿಯ ಮನೆಗಳಿಗೆಲ್ಲ ಸ್ಟೇನ್‌ಲೆಸ್ ಸ್ಟೀಲಿನ ಕೊಳವೆಯ ಕಟಕಟೆ ಬಂದಿದೆ. ಕಲೆಯಿಲ್ಲದ ಉಕ್ಕು ಎಂಬ ಹೆಸರನ್ನು ನಂಬಿ ಹಾಕಿಸಿದವರು ಎರಡನೆಯ ಮಳೆಗಾಲಕ್ಕೆ ಕೆಂಪು ಚುಕ್ಕೆ ಕಂಡು ಅಂಗಡಿಯವನನ್ನು ಬಯ್ಯುತ್ತಾರೆ. ಎಷ್ಟೋ ಸಲ ತಪ್ಪು ಉಕ್ಕಿನದಲ್ಲ. ಕೂರಿಸುವಾಗ ತಾಗಿದ ಸಾದಾ ಕಬ್ಬಿಣದ ಹತ್ಯಾರಿನ ಪುಡಿ ಅದರ ಮೈಯಲ್ಲಿ ನಾಟಿಕೊಂಡಿರುತ್ತದೆ. ಮೊದಲು ತುಕ್ಕು ಹಿಡಿಯುವುದು ಆ ಪುಡಿಗೆ. ಅಷ್ಟು ಆದ ಮೇಲೆ ಉಪ್ಪುಗಾಳಿ ಮುಂದಿನದನ್ನು ನೋಡಿಕೊಳ್ಳುತ್ತದೆ.

ಇನ್ನು ಸುತ್ತುವ ವಿದ್ಯೆಗೆ ಬರೋಣ. ಕುಂದಾಪುರದ ಕಡೆಯ ಹಳೆಯ ಮನೆಯೆಂದರೆ ಅಂಗಳದ ಬದಿಗೆ ಬಾವಿ. ಬಾವಿಗೆ ರಾಟೆ, ಹಗ್ಗ, ತಾಮ್ರದ ಕೊಡಪಾನ. ಹಗ್ಗದ ತುದಿಯಲ್ಲಿ ಕುಣಿಕೆ. ಕೊಡಪಾನದ ಕುತ್ತಿಗೆಗೆ ಅದನ್ನು ಹಾಕಿ ಇಳಿಬಿಟ್ಟರೆ, ನೀರು ತುಂಬಿ ಭಾರವಾದಷ್ಟೂ ಕುಣಿಕೆ ಬಿಗಿಯುತ್ತದೆ. ಕಟ್ಟೆಯ ಮೇಲೆ ಇಟ್ಟೊಡನೆ ತಾನೇ ಸಡಿಲುತ್ತದೆ. ಎಳೆದಷ್ಟೂ ಬಿಗಿಯುವುದು, ಬಿಟ್ಟೊಡನೆ ಸಡಿಲುವುದು: ಸ್ಟಿಲ್ಸನ್ನನಿಗೆ 80,000 ಡಾಲರು ತಂದುಕೊಟ್ಟ ತತ್ತ್ವ ಇದೇ ಅಲ್ಲವೇ? ವ್ಯತ್ಯಾಸವೆಂದರೆ ಇಲ್ಲಿ ಹಲ್ಲಿಲ್ಲ. ಅಜ್ಜಿಯ ಕೊಡಪಾನ ಮೊಮ್ಮಗಳ ಕೈಗೆ ಬಂದಾಗ ಕುತ್ತಿಗೆ ಇನ್ನಷ್ಟು ನುಣುಪಾಗಿರುತ್ತದೆಯೇ ಹೊರತು ಕಚ್ಚಾಗಿರುವುದಿಲ್ಲ. ನಡುವೆ ಎಷ್ಟೋ ಹಗ್ಗಗಳು ಸವೆದುಹೋಗಿರುತ್ತವೆ. ಅದು ಹಗ್ಗದ ಪಾಲಿನ ಕೆಲಸ. ಸವೆಯಬೇಕಾದದ್ದು ಅಗ್ಗದ ಹಗ್ಗವೋ ಬೆಲೆಬಾಳುವ ಪಾತ್ರೆಯೋ ಎಂಬ ಪ್ರಶ್ನೆಯನ್ನು ಬಾವಿಕಟ್ಟೆಯ ಹೆಂಗಸರು ಬಹಳ ಹಿಂದೆಯೇ ತೀರ್ಮಾನ ಮಾಡಿಟ್ಟಿದ್ದರು.

ಬ್ರಹ್ಮಾವರದಿಂದ ತೆಂಕಣಕ್ಕೆ ಸ್ವಲ್ಪ ದೂರ ಹೋದರೆ ಉಡುಪಿ. ಅಲ್ಲಿ ಮಧ್ವಾಚಾರ್ಯರು ಪ್ರತಿಷ್ಠಾಪಿಸಿದ ಬಾಲಕೃಷ್ಣನ ಬಲಗೈಯಲ್ಲಿರುವುದು ಕಡೆಗೋಲು, ಎಡಗೈಯಲ್ಲಿರುವುದು ಅದರ ಹಗ್ಗ. ಮೊಸರು ಕಡೆಯುವವರಿಗೆ ಗೊತ್ತು: ನುಣುಪಾದ ದುಂಡುಕೋಲನ್ನು ಎರಡು ಸುತ್ತು ಹಗ್ಗ ಹೇಗೆ ಹಿಡಿದು ತಿರುಗಿಸುತ್ತದೆ, ಕೋಲಿಗೆ ಒಂದು ಗೀರೂ ಬೀಳದೆ ಎಷ್ಟು ವರ್ಷ ನಡೆಯುತ್ತದೆ ಎಂಬುದು. ಪುರಾಣದ ಸಮುದ್ರಮಥನವೂ ಇದೇ ಯಂತ್ರ. ಅಲ್ಲಿಯೂ ನೊಂದದ್ದು ಹಗ್ಗವಾಗಿದ್ದ ವಾಸುಕಿ. ಮಂದರ ಪರ್ವತಕ್ಕೆ ಗಾಯವಾಯಿತೆಂದು ಯಾವ ಪೌರಾಣಿಕರೂ ಹೇಳಿದ್ದನ್ನು ನಾನು ಕೇಳಿಲ್ಲ.

ತೋಟಗಳಲ್ಲಿ ಎರಡು ವಿದ್ಯೆಗಳೂ ಅಕ್ಕಪಕ್ಕದಲ್ಲೇ ಸಿಕ್ಕುತ್ತವೆ. ತೆಂಗಿನ ಮರಕ್ಕೆ ಕತ್ತಿಯಿಂದ ಕಚ್ಚು ಹಾಕಿ ಮೆಟ್ಟಿಲು ಮಾಡುವ ರೂಢಿ ಕೆಲವು ಕಡೆ ಇತ್ತು. ಹತ್ತುವುದು ಸುಲಭ, ಆದರೆ ಆ ಗಾಯ ಮಾಯುವುದಿಲ್ಲ. ತೆಂಗು, ಅಡಿಕೆಗಳ ಕಾಂಡ ಮಾವು ಹಲಸುಗಳಂತೆ ಹೊಸ ತೊಗಟೆ ಬೆಳೆಸಿ ಗಾಯ ಮುಚ್ಚಿಕೊಳ್ಳಲಾರದು. ಅಡಿಕೆ ಮರವಂತೂ ತೆಳು, ಕಚ್ಚನ್ನು ತಾಳುವುದೇ ಇಲ್ಲ. ಅಲ್ಲಿ ಮರ ಹತ್ತುವವರು ಎರಡು ಪಾದಗಳಿಗೂ ತಳೆ ಸಿಕ್ಕಿಸಿಕೊಂಡು, ಆ ಬಳೆಯಂಥ ಹಗ್ಗವನ್ನು ಮರಕ್ಕೊತ್ತಿ ಏರುತ್ತಾರೆ. ಮೈಯ ಭಾರವೇ ತಳೆಯನ್ನು ಬಿಗಿಯುತ್ತದೆ. ಕೊಡಪಾನದ ಕುಣಿಕೆಯ ತತ್ತ್ವ ಇಲ್ಲಿ ಕಾಲಿಗೆ ಇಳಿದಿದೆ. ಕೇರಳದ ಚೆಂಬೇರಿಯಲ್ಲಿ ಹುಟ್ಟಿ ನಮ್ಮ ಕರಾವಳಿಗೂ ಹಬ್ಬಿದ ತೆಂಗಿನ ಮರ ಹತ್ತುವ ಯಂತ್ರವನ್ನು ಬಿಚ್ಚಿ ನೋಡಿ. ಚೌಕಟ್ಟು ಕಬ್ಬಿಣದ್ದಾದರೂ ಮರವನ್ನು ಹಿಡಿಯುವುದು ಸುತ್ತಿದ ಉಕ್ಕಿನ ತಂತಿಹಗ್ಗ ಮತ್ತು ರಬ್ಬರು.

ಬಂದರಿನಲ್ಲಿ ಹಗ್ಗದ ಮಹಿಮೆ ಇನ್ನೂ ಹೆಚ್ಚು. 14ನೆಯ ಶತಮಾನದ ನಡುವಿನಲ್ಲಿ ಈ ಕರಾವಳಿಯಲ್ಲಿ ಪಯಣಿಸಿದ ಇಬ್ನ್ ಬತೂತ ಅಬೂಸರೂರ್, ಫಾಕನೂರ್ ಎಂದು ಎರಡು ಊರುಗಳನ್ನು ಹೆಸರಿಸುತ್ತಾನೆ. ಅವು ನಮ್ಮ ಬಸರೂರು ಮತ್ತು ಬಾರಕೂರು ಎಂದು ವಿದ್ವಾಂಸರ ಅಭಿಪ್ರಾಯ. ಮೊದಲನೆಯದರಲ್ಲಿ ತೆಂಗನ್ನೂ ಎರಡನೆಯದರಲ್ಲಿ ಕಬ್ಬನ್ನೂ ಅವನು ಕಂಡನು. ಅದೇ ಪ್ರವಾಸಿ ಮಾಲ್ದೀವಿನ ವಿಷಯ ಬರೆಯುವಾಗ, ತೆಂಗಿನ ನಾರಿನ ಹಗ್ಗದಿಂದ ಹಡಗಿನ ಹಲಗೆಗಳನ್ನು ಹೊಲಿಯುವ ಪದ್ಧತಿಗೆ ಕಾರಣವನ್ನೂ ಕೊಡುತ್ತಾನೆ. ಈ ಕಡಲಲ್ಲಿ ಬಂಡೆಗಳು ಬಹಳ. ಕಬ್ಬಿಣದ ಮೊಳೆ ಹೊಡೆದ ಹಡಗು ತಾಗಿದರೆ ಒಡೆಯುತ್ತದೆ, ಹೊಲಿದ ಹಡಗು ಬಾಗಿಕೊಂಡು ಉಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಕಬ್ಬಿಣ ಚುಚ್ಚಿ ಹಿಡಿಯುತ್ತದೆ, ಹಗ್ಗ ಅಪ್ಪಿ ಹಿಡಿಯುತ್ತದೆ ಎಂಬ ಭೇದವನ್ನು ಪರದೇಶದ ಮುಸಾಫಿರನೊಬ್ಬನು ಆರುನೂರು ವರ್ಷಗಳಿಗೂ ಹಿಂದೆ ಗುರುತಿಸಿಬಿಟ್ಟಿದ್ದನು!

ಗಂಗೊಳ್ಳಿ, ಹಂಗಾರಕಟ್ಟೆಗಳಂಥ ಕಡೆ ಹಾಯಿಯ ಮಂಜಿಗಳು ಬಂದು ನಿಲ್ಲುತ್ತಿದ್ದ ಕಾಲವನ್ನು ನೆನೆಯಿರಿ. ಸರಕು ತುಂಬಿದ ಮಂಜಿಯ ಹಗ್ಗವನ್ನು ಗೂಟಕ್ಕೆ ಎರಡು ಮೂರು ಸುತ್ತು ಹಾಕಿ ತುದಿಯನ್ನು ಒಬ್ಬ ಹುಡುಗನ ಕೈಗೆ ಕೊಟ್ಟರೆ ಅವನು ಸುಮ್ಮನೆ ನಿಂತು ಹಿಡಿದುಕೊಳ್ಳಬಲ್ಲ. ಇದರ ಲೆಕ್ಕವನ್ನು 18ನೆಯ ಶತಮಾನದಲ್ಲಿ ಬಿಡಿಸಿದವನು ಗಣಿತಜ್ಞ ಯೂಲರ್; 1808ರಲ್ಲಿ ಬರ್ಲಿನ್ನಿನ ಐಟೆಲ್‌ವೈನ್ ಅದನ್ನು ಎಂಜಿನಿಯರರ ಬಳಕೆಗೆ ತಂದನು. ಹಗ್ಗಕ್ಕೂ ಗೂಟಕ್ಕೂ ನಡುವಿನ ಘರ್ಷಣೆ ಸಾಧಾರಣವಾಗಿದ್ದರೆ, ಅಂದರೆ ಲೆಕ್ಕದ ಭಾಷೆಯಲ್ಲಿ 0.3ರಷ್ಟಿದ್ದರೆ, ಒಂದು ಸುತ್ತಿಗೆ ಕೈಯ ಬಲ ಆರೂವರೆ ಪಟ್ಟಾಗುತ್ತದೆ. 2 ಸುತ್ತಿಗೆ 43 ಪಟ್ಟು. 3 ಸುತ್ತಿಗೆ ಸುಮಾರು 285 ಪಟ್ಟು. ಹುಡುಗ ಹತ್ತು ಕಿಲೋ ತೂಕದ ಬಲದಲ್ಲಿ ಹಿಡಿದರೆ 2 ಸುತ್ತಿನ ಆಚೆ 430 ಕಿಲೋವನ್ನು ತಡೆದ ಹಾಗಾಯಿತು. ಗೂಟ ದಪ್ಪವೋ ತೆಳ್ಳಗೋ ಎಂಬುದು ಈ ಲೆಕ್ಕಕ್ಕೆ ಬರುವುದೇ ಇಲ್ಲ. ಒತ್ತಡ ಯಾವುದೋ ಒಂದು ಮೊನೆಯ ಮೇಲೆ ಬೀಳದೆ ಇಡಿಯ ಸುತ್ತಿನ ಮೇಲೆ ಹರಡಿಕೊಳ್ಳುವುದರಿಂದ ಗೂಟಕ್ಕೆ ಗಾಯವೂ ಇಲ್ಲ.

ಯೂಲರ್ ಹುಟ್ಟಿದ್ದು 1707ರಲ್ಲಿ, ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ. ಅದೇ ಬಾಸೆಲ್ಲಿನ ಹೆಸರು ಹೊತ್ತ ಮಿಶನ್ನಿನವರು ನಮ್ಮ ಜಿಲ್ಲೆಗೆ ಬಂದು, 1865ರಲ್ಲಿ ಪ್ಲೆಬ್ಸ್ಟ್ ಎಂಬವರ ಕೈಯಿಂದ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಮಂಗಳೂರಿನಲ್ಲಿ ಯಂತ್ರದ ಕಮ್ಮಟವನ್ನೂ ನಡೆಸಿದರು. ಆವಿಯಂತ್ರ, ಅದರ ಕೊಳವೆ, ಮರೆ, ವೈಸು ಮುಂತಾದ ಹೊಸ ಪದಾರ್ಥಗಳು ನಮ್ಮ ಆಚಾರಿಗಳ ಕೈಗೆ ಪರಿಚಯವಾದದ್ದು ಇಂಥ ಕಮ್ಮಟಗಳಲ್ಲಿ. ಹಂಚಿನ ಉದ್ದಿಮೆ ಕುಂದಾಪುರಕ್ಕೂ ಬಂತು, ಅದರ ಹಿಂದೆಯೇ ಫಿಟ್ಟರುಗಳೂ ಬಂದರು. ಅಲ್ಲಿಗೆ ಬಾಸೆಲ್ಲಿನ ಕಡೆಯವರು ಕಬ್ಬಿಣದ ವಿದ್ಯೆಯನ್ನು ಹಡಗಿನಲ್ಲಿ ಹೊತ್ತು ತಂದರು. ಬಾಸೆಲ್ಲಿನವನೇ ಬಿಡಿಸಿದ ಹಗ್ಗದ ಲೆಕ್ಕವನ್ನು ಗಂಗೊಳ್ಳಿಯ ಹುಡುಗ ಶಾಲೆಯ ಮುಖ ನೋಡದೆಯೇ ಬಲ್ಲವನಾಗಿದ್ದನು.

ಪಶ್ಚಿಮದವರಿಗೂ ಹಗ್ಗದ ನೆನಪು ಮರುಕಳಿಸದೆ ಹೋಗಲಿಲ್ಲ. ಹೊಳಪಿನ ಹಿತ್ತಾಳೆಯ ಕೊಳವೆಗಳೂ ನಿಕ್ಕಲ್ ಲೇಪದ ಕೊಳವೆಗಳೂ ಬಳಕೆಗೆ ಬಂದಂತೆ ಪಟ್ಟಿ ರೆಂಚು ಎಂಬ ಹತ್ಯಾರು ಹುಟ್ಟಿತು. ಒಂದು ಹಿಡಿ, ಅದರ ತುದಿಗೆ ಸಿಕ್ಕಿಸಿದ ನೂಲಿನ ಅಥವಾ ತೊಗಲಿನ ಪಟ್ಟಿ, ಈಗ ರಬ್ಬರಿನದು. ಪಟ್ಟಿಯನ್ನು ಕೊಳವೆಗೆ ಸುತ್ತಿ ತುದಿಯನ್ನು ಹಿಡಿಯ ಸೀಳಿನಲ್ಲಿ ತೂರಿಸಿ ಎಳೆದರೆ, ತಿರುಗಿಸಿದಷ್ಟೂ ಬಿಗಿಯುತ್ತದೆ. ಇದರ ಶತ್ರು ಎಣ್ಣೆ. ಕೊಳವೆಯನ್ನು ಒರಸಿ ಒಣಗಿಸಬೇಕು; ಜಾರಿದರೆ ರಾಳದ ಪುಡಿ ಉದುರಿಸಬೇಕು. ನಮ್ಮಲ್ಲಿ ಇದು ದೊರೆಯದ ಕಡೆ ಸೈಕಲ್ ಟ್ಯೂಬಿನ ಪಟ್ಟಿಯಿದೆ, ಮಂಚದ ನವಾರಿದೆ. ನವಾರನ್ನು ಎರಡು ಮಡಿಕೆ ಮಾಡಿ, ಬಿಗಿಯಬೇಕಾದ ದಿಕ್ಕು ನೋಡಿಕೊಂಡು ನಾಲ್ಕಾರು ಸುತ್ತು ಹಾಕಿ, ಮಡಿಕೆಯ ಕಿವಿಯಲ್ಲಿ ಒಂದು ಬಡಿಗೆ ತೂರಿಸಿ ಮೀಟಿದರೆ ಹಟಮಾರಿ ನಲ್ಲಿಯೂ ಅಲುಗುತ್ತದೆ. ಕತ್ತದ ಹಗ್ಗವೂ ಹಿಡಿಯುತ್ತದೆ. ಆದರೆ ಅದು ಒರಟು, ಹೊಳಪಿನ ಮೈಯಾದರೆ ಅಡಿಗೆ ಬಟ್ಟೆ ಬೇಕು.

ಹಿಡಿಯುವ ವಸ್ತು ಹಿಡಿಸಿಕೊಳ್ಳುವುದಕ್ಕಿಂತ ಮೆತ್ತಗಿರಬೇಕು ಎಂಬ ಈ ಮಾತನ್ನು ಅಕ್ಕಸಾಲಿಗರು ಇನ್ನೂ ಮುಂದಕ್ಕೆ ಒಯ್ದಿದ್ದಾರೆ. ಟೊಳ್ಳು ಚಿನ್ನದ ಒಡವೆಗೆ ಕೆತ್ತನೆ ಮಾಡುವಾಗ ಅವರು ಅದನ್ನು ಇಕ್ಕಳದಲ್ಲಿ ಹಿಡಿಯುವುದೇ ಇಲ್ಲ. ಒಳಗೆ ಅರಗನ್ನು ತುಂಬಿ, ಕೆಳಗೂ ಅರಗಿನ ಹಾಸು ಮಾಡಿ ಕೂರಿಸುತ್ತಾರೆ. ಕೆಲಸ ಮುಗಿದ ಮೇಲೆ ಕಾಯಿಸಿ ಕರಗಿಸಿದರಾಯಿತು. ಒಳ್ಳೆಯ ಫಿಟ್ಟರ್ ವೈಸಿನ ದವಡೆಗಳಿಗೆ ಸೀಸದ ತಗಡನ್ನೋ ಮರದ ತುಂಡನ್ನೋ ಕೊಡುತ್ತಾನೆ. ಅದೂ ಈ ಜಾತಿಯದೇ.

ಹಾಗೆಂದು ಪೈಪ್ ರೆಂಚನ್ನು ಶಪಿಸುವುದು ನ್ಯಾಯವಲ್ಲ. ಮೂವತ್ತು ವರ್ಷ ನೆಲದೊಳಗೆ ಕುಳಿತು ತುಕ್ಕಿನಿಂದ ಬೆಸೆದುಹೋದ ಜೋಡಣೆಯನ್ನು ನವಾರಿನಿಂದ ಬಿಡಿಸುತ್ತೇನೆ ಎಂದು ಹೊರಟವನು ಸಂಜೆಯವರೆಗೆ ಬೆವರು ಸುರಿಸಿಯಾನು, ಅಷ್ಟೆ. ಅಲ್ಲಿ ಹಲ್ಲೇ ಬೇಕು. ತೊಂದರೆ ಬರುವುದು ಒಂದೇ ಹತ್ಯಾರನ್ನು ಎಲ್ಲಕ್ಕೂ ಹಾಕುವುದರಿಂದ. ನಲ್ಲಿಯೊಂದಕ್ಕೆ ಇಂತಿಷ್ಟು ಎಂದು ಕೂಲಿ ಗೊತ್ತುಮಾಡಿ, ಆಮೇಲೆ ನಿಧಾನವಾಗಿ ಬಟ್ಟೆ ಸುತ್ತಿ ಬಿಗಿ ಎಂದು ಹೇಳುವ ಯಜಮಾನನದೂ ಇದರಲ್ಲಿ ಪಾಲಿದೆ. ಈಗ ನೀರಿನ ಕೊಳವೆಗಳೆಲ್ಲ ಪ್ಲಾಸ್ಟಿಕ್ಕಿನವಾಗಿ ಗೋಡೆಯೊಳಗಿನ ತುಕ್ಕಿನ ಕಾಟ ತಗ್ಗಿದೆ. ಆದರೆ ಹೊರಗಿನ ನಲ್ಲಿ, ಕಟಕಟೆಗಳು ಲೋಹದವೇ.

ಮನೆಯ ನಲ್ಲಿ ಕೆಟ್ಟರೆ ಹೆಚ್ಚೆಂದರೆ ನೆಲ ಒದ್ದೆಯಾಗುತ್ತದೆ. ಕಡಲಿನಲ್ಲಿ ಲೆಕ್ಕ ಬೇರೆ. 1950ರ ದಶಕದ ಉತ್ತರಾರ್ಧದಿಂದೀಚೆಗೆ ಕರ್ನಾಟಕದ ಕರಾವಳಿಗೆ ಯಂತ್ರದೋಣಿಗಳು ಬಂದವು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳೂ ಬಂದು, ಊರಿಗೆ ಊರೇ ದಡದಲ್ಲಿ ನಿಂತು ಹಗ್ಗ ಜಗ್ಗುತ್ತಿದ್ದ ರಂಪಣಿಯನ್ನು ಮೂಲೆಗೆ ತಳ್ಳಿದವು. ಎಂಜಿನಿನಿಂದ ಹೊರಗಿನ ಪಂಖಕ್ಕೆ ಹೋಗುವ ಶಾಫ್ಟು ದೋಣಿಯ ಹಿಂಬದಿಯಲ್ಲಿ ಒಂದು ತೂತಿನ ಮೂಲಕ ಹಾಯುತ್ತದೆ. ಆ ತೂತಿನಲ್ಲಿ ಸಮುದ್ರದ ನೀರನ್ನು ತಡೆದು ನಿಲ್ಲಿಸುವುದು ಏನು? ಜಿಡ್ಡು ಉಣಿಸಿದ ಹೆಣೆದ ಹಗ್ಗ! ಶಾಫ್ಟಿನ ಸುತ್ತ ಅದನ್ನು ಉಂಗುರ ಉಂಗುರವಾಗಿ ತುಂಬಿ ಮೇಲಿನಿಂದ ಬಿಗಿದಿರುತ್ತಾರೆ. ಶಾಫ್ಟು ನುಣುಪಾಗಿರುವವರೆಗೆ ನೀರು ತೊಟ್ಟು ತೊಟ್ಟಾಗಿ ಜಿನುಗುತ್ತದೆ; ಅಷ್ಟು ಜಿನುಗಿದರೇನೇ ಬಿಸಿಯಾಗದೆ ತಿರುಗುವುದು. ಆದರೆ ಯಾರೋ ಅವಸರದಲ್ಲಿ ಆ ಜಾಗಕ್ಕೇ ಪೈಪ್ ರೆಂಚು ಹಾಕಿ ಶಾಫ್ಟನ್ನು ತಿರುಗಿಸಿದ್ದರೆ, ಹಲ್ಲಿನಿಂದ ಎದ್ದ ಅಂಚುಗಳು ಅರದಂತೆ ಕೆಲಸ ಮಾಡುತ್ತವೆ. ನಿಮಿಷಕ್ಕೆ ನೂರಾರು ಸುತ್ತು ತಿರುಗುವ ಅರ. ಒಳಗಿನ ಹಗ್ಗ ಚಿಂದಿಯಾಗುತ್ತದೆ, ತೊಟ್ಟು ಧಾರೆಯಾಗುತ್ತದೆ, ಬಿಗಿದಷ್ಟೂ ಬೇಗ ಸವೆಯುತ್ತದೆ. ದೋಣಿ ಆಗ ದಡದಿಂದ ಎಷ್ಟು ದೂರದಲ್ಲಿದೆ ಎಂಬುದರ ಮೇಲೆ ಮುಂದಿನದು ನಿಂತಿದೆ.

ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಗಂಗೊಳ್ಳಿಯಂಥ ಬಂದರುಗಳಲ್ಲಿ ದುರಸ್ತಿಯ ಕಾಲ ಅದೇ. ಶಾಫ್ಟನ್ನು ಬಿಚ್ಚಬೇಕಾಗಿ ಬಂದರೆ ಕೆಲಸ ಬಲ್ಲ ಮೆಕ್ಯಾನಿಕ್ ಎಂಜಿನಿಗೆ ಜೋಡಿಸುವ ಚಕ್ಕೆಯ ಬೋಲ್ಟುಗಳ ಕಡೆಯಿಂದಲೇ ತಿರುಗಿಸುತ್ತಾನೆ, ಅಲ್ಲಿ ಮೂಲೆಗಳಿವೆ. ಶಾಫ್ಟಿನ ಮೈಯನ್ನೇ ಹಿಡಿಯದೆ ವಿಧಿಯಿಲ್ಲವೆಂದಾದರೆ ಜಿಡ್ಡನ್ನು ಒರಸಿ, ಪಟ್ಟಿಯನ್ನೋ ಹಗ್ಗವನ್ನೋ ಸುತ್ತಿ, ಬಡಿಗೆ ಹಾಕಿ ನಿಧಾನವಾಗಿ ಮೀಟುತ್ತಾನೆ. ಬಿಚ್ಚಿ ಹೊರಗೆ ತೆಗೆದ ಮೇಲೆ ಹಳೆಯ ಹಗ್ಗದುಂಗುರಗಳನ್ನು ಕೊಕ್ಕೆಯಿಂದ ಕಿತ್ತು ಎಸೆದು, ಅವು ಕೂತಿದ್ದ ಜಾಗದ ಮೇಲೆ ಉಗುರನ್ನು ಉದ್ದಕ್ಕೆ ಎಳೆದು ನೋಡುತ್ತಾನೆ. ಉಗುರು ಎಲ್ಲಿಯೂ ತಡೆಯದೆ ಜಾರಿದರೆ ಹೊಸ ಹಗ್ಗ ತುಂಬುತ್ತಾನೆ. ತಡೆದರೆ ಶಾಫ್ಟು ಲೇತಿಗೆ ಹೋಗುತ್ತದೆ.